ರೋಗಿಗಳಿಗೆ ಒಂದು ದಿನದ ರಜೆ

ದ್ಯಾವಯ್ಯನವರಿಗೆ ಹುದ್ದೆ ಸಿಕ್ಕಿದ್ದು ಆಸ್ಪತ್ರೆಯ ಔಷಧಿ ಅಂಗಡಿಯ ಮುಂದೆ. ಅದಕ್ಕಾಗಿ ಅವರು ಅರ್ಜಿ ಹಾಕಿರಲಿಲ್ಲ, ಯಾರ ಕಾಲನ್ನೂ ಹಿಡಿದಿರಲಿಲ್ಲ. ಅಂಥದೊಂದು ಹುದ್ದೆ ಭೂಮಿಯ ಮೇಲಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಮಲ್ಲಿಪಟ್ಟಣದ ದ್ಯಾವಯ್ಯ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಅರಕಲಗೂಡಿನಿಂದ ಹೊಳೆನರಸೀಪುರ, ಅಲ್ಲಿಂದ ಚನ್ನರಾಯಪಟ್ಟಣ, ಮತ್ತೆ ವಾಪಸ್ಸು, ಹೀಗೆ ಒಂದು ಜೀವಮಾನವನ್ನೆಲ್ಲ ನಿಂತುಕೊಂಡೇ ಪ್ರಯಾಣ ಮಾಡಿದ್ದರು. ಎಲ್ಲಾದರೂ ನಾಲ್ಕು ಜನ ಗುಂಪುಗೂಡಿದ್ದು ಕಂಡರೆ ಈಗಲೂ ಅವರ ಕೈ ತಾನೇ ತಾನಾಗಿ ಮೇಲೇಳುತ್ತಿತ್ತು. “ಮುಂದಕ್ ಓಗಿ, ಮುಂದಕ್ ಓಗಿ, ಒಳ್ಗಡೆ ಬೇಜಾನ್ ಜಾಗ ಐತೆ” ಎಂಬ ಮಾತು ಬಾಯಿಂದ ಉದುರುತ್ತಿತ್ತು. ಸಾವಿನ ಮನೆಯೊಂದರಲ್ಲಿ ಹೀಗೆ ಹೇಳಿ ಬೈಸಿಕೊಂಡದ್ದೂ ಉಂಟು. ಇನ್ನೊಂದು ಗುಣವೆಂದರೆ, ಶರ್ಟನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡವರು ಏನು ಹೇಳಿದರೂ “ಆಗ್ಲಿ ಸಾ” ಎನ್ನುವುದು.

ಹೆಂಡತಿ ಬೆಟ್ಟಮ್ಮನದು ಇದಕ್ಕೆ ತದ್ವಿರುದ್ಧ ಸ್ವಭಾವ. ಆಕೆ ಒಂದು ಮಾತನ್ನು ಒಪ್ಪಬೇಕಾದರೆ ಆ ಮಾತು ಕಡೇಪಕ್ಷ ಮೂರು ಸಲ ಸೋತು ಬಂದಿರಬೇಕು. ಸಕ್ಕರೆ ಕಾಯಿಲೆಯ ಆಕೆಯ ಅಂಗಾಲಿಗೆ ಮುಳ್ಳು ಚುಚ್ಚಿ ಹುಣ್ಣಾಗಿತ್ತು. ಅರಕಲಗೂಡಿನ ಡಾಕ್ಟರು “ಕಾಲು ಉಳೀಬೇಕು ಅಂದ್ರೆ ಹಾಸನಕ್ಕೆ ಹೋಗಿ” ಎಂದು ಗದರಿಸಿ ಕಳಿಸಿದ್ದರು. ಹಾಗೆ ಗಂಡ ಹೆಂಡತಿ ಇಬ್ಬರೂ ಹಾಸನದ ಹೊರಗೆ, ಕೊರವಂಗಲದ ಕಡೆ ಹೋಗುವ ದಾರಿಯಲ್ಲಿದ್ದ ಪುಟ್ಟಗೌರಮ್ಮ ಸ್ಮಾರಕ ಆಸ್ಪತ್ರೆಗೆ ಬಂದು ಬಿದ್ದಿದ್ದರು. ಗಾಯವನ್ನು ದಿನಾ ತೊಳೆದು ಹೊಸ ಪಟ್ಟಿ ಕಟ್ಟಬೇಕು, ಒಂದು ದಿನ ತಪ್ಪಿದರೂ ಕಾಲಿಗೆ ಕುತ್ತು ಎಂದು ನರ್ಸ್ ಮೇಘಶ್ರೀ ಮೊದಲ ದಿನವೇ ಹೇಳಿದ್ದಳು.

ಆಸ್ಪತ್ರೆಯ ಮ್ಯಾನೇಜರು ರಜನೀಶ್. ಟೈ ಕಟ್ಟಿದ, ಮೊಬೈಲಿಲ್ಲದ ಕೈಯನ್ನು ಯಾರೂ ಕಂಡಿರದ ಮನುಷ್ಯ. ರೋಗಿಗಳ ಸುರಕ್ಷತೆ ಮತ್ತು ಸೇವೆಯ ಗುಣಮಟ್ಟ ನೋಡಿ ನಕ್ಷತ್ರ ಕೊಡುವ ತಂಡವೊಂದು ಬೆಂಗಳೂರಿನಿಂದ ಬರುವುದಿತ್ತು. ಅವರ ನಿಯಮದ ಪ್ರಕಾರ ಆಸ್ಪತ್ರೆಯ ಸಮಿತಿಯಲ್ಲಿ ರೋಗಿಗಳ ಕಡೆಯವನೊಬ್ಬ ಇರಬೇಕು. ಎಂಥವನನ್ನು ಹಾಕಿಕೊಂಡರೆ ಬಾಯಿ ಮುಚ್ಚಿಕೊಂಡಿರುತ್ತಾನೆ ಎಂದು ರಜನೀಶ್ ಯೋಚಿಸುತ್ತ ಕಿಟಕಿಯ ಬಳಿ ನಿಂತಿದ್ದಾಗ ಕೆಳಗೆ ಔಷಧಿ ಅಂಗಡಿಯ ಮುಂದೆ ದ್ಯಾವಯ್ಯ ಜನರನ್ನು ಸಾಲು ನಿಲ್ಲಿಸುತ್ತಿದ್ದರು. ಕೂಡಲೇ ಇಳಿದು ಬಂದ.

“ಯಜಮಾನ್ರೇ, ಆಸ್ಪತ್ರೆ ಬಗ್ಗೆ ನಿಮಗೇನಾದ್ರೂ ದೂರು ಇದೆಯಾ?”

“ಇಲ್ಲ ಸಾ.”

“ಇದ್ರೆ ಹೇಳಿ, ಸಂಕೋಚ ಬೇಡ.”

“ಇಲ್ಲ ಬುಡಿ ಸಾ.”

“ಇವತ್ತಿಂದ ನೀವು ರೋಗಿಗಳ ಪ್ರತಿನಿಧಿ.”

“ಆಗ್ಲಿ ಸಾ” ಎಂದರು ದ್ಯಾವಯ್ಯ. ಆಮೇಲೆ ರಜನೀಶ್ ಅವರ ಶರ್ಟಿಗೆ ಒಂದು ನೀಲಿ ಬಿಲ್ಲೆ ಚುಚ್ಚಿದಾಗ ಅವರ ಕಣ್ಣಲ್ಲಿ ನೀರು ಬಂತು. ಭಾವುಕರಾಗಿದ್ದು ನಿಜ, ಪಿನ್ನು ಒಳಗೆ ಚುಚ್ಚಿದ್ದೂ ನಿಜ.

ಮಾರನೆಯ ದಿನ ಬಟ್ಟೆ ತರಲು ಅವರು ಊರಿಗೆ ಹೋದಾಗ ಬಿಲ್ಲೆ ಎದೆಯ ಮೇಲೇ ಇತ್ತು. ಅದನ್ನು ಮೊದಲು ನೋಡಿದ್ದು ಪಕ್ಕದ ಜಮೀನಿನ ತಿಮ್ಮಪ್ಪ.

“ಪ್ರತಿನಿಧಿನಾ? ಎಲೆಕ್ಷನ್ ಯಾವಾಗ್ ನಡೀತಯ್ಯಾ? ನಮ್ಗೆ ಗೊತ್ತೇ ಆಗ್ಲಿಲ್ವಲ್ಲ!”

“ಎಲೆಕ್ಷನ್ ಇಲ್ಲ ತಿಮ್ಮಪ್ನೋರೆ. ಕರ್ದು ಕೊಟ್ರು.”

“ಅವಿರೋಧವಾಗಾ?” ಎಂದ ತಿಮ್ಮಪ್ಪನ ದನಿಯಲ್ಲಿ ಗೌರವ ಇಣುಕಿತು. “ಏನ್ ಕೆಲ್ಸ?”

“ಆಸ್ಪತ್ರೆಗೆ ನಕ್ಷತ್ರ ಬರ್ಬೇಕಂತೆ. ಅದುನ್ನ ನೋಡ್ಕಳದು.”

ತಿಮ್ಮಪ್ಪ ಗಂಭೀರನಾದ. ಅವನ ತಿಳಿವಳಿಕೆಯಲ್ಲಿ ನಕ್ಷತ್ರ ಮನುಷ್ಯರಿಗೆ ಇತ್ತು, ಮಳೆಗೆ ಇತ್ತು. “ಆಸ್ಪತ್ರೆಗೂ ನಕ್ಷತ್ರ ನೋಡ್ತಾರಾ! ಮೂಲಾ ಬರ್ದಂಗೆ ನೋಡ್ಕಳಪ್ಪಾ” ಎಂದ. ಸಂಜೆಯ ಹೊತ್ತಿಗೆ ದ್ಯಾವಯ್ಯನ ಬಾಗಿಲಿಗೆ ಒಬ್ಬ ಸುಟ್ಟುಹೋದ ಟ್ರಾನ್ಸ್‌ಫಾರ್ಮರಿನ ವಿಷಯಕ್ಕೂ, ಇನ್ನೊಬ್ಬಳು ವಿಧವಾ ವೇತನಕ್ಕೂ, ಮತ್ತೊಬ್ಬ ಮಗನಿಗೆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸಕ್ಕೂ ಬಂದು ಕೂತಿದ್ದರು. ಎಲ್ಲರಿಗೂ ದ್ಯಾವಯ್ಯ “ಆಗ್ಲಿ, ನೋಡಾನ” ಎಂದರು. ಪ್ರತಿನಿಧಿಗಳು ಹೀಗೇ ಹೇಳುವುದೆಂದು ಅವರಿಗೆ ಅನುಭವದಿಂದ ಗೊತ್ತಿತ್ತು.

ಹೊಳೆನರಸೀಪುರದ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಮಗಳು ಸಂಘಮಿತ್ರಾ ಮಾತ್ರ ಫೋನಿನಲ್ಲಿ ನೇರವಾಗಿ ಕೇಳಿದಳು. “ಅಪ್ಪಾ, ಅಲ್ಲಿ ನಿನ್ನ ಕೆಲಸ ಏನು?”

“ಸೇಫ್ಟಿ.”

“ಯಾರ ಸೇಫ್ಟಿ?”

“ಅದುನ್ನ ಇನ್ನೂ ಯೋಳಿಲ್ಲ ಕಣವ್ವ.”

ದ್ಯಾವಯ್ಯ ಹಿಂತಿರುಗುವ ಹೊತ್ತಿಗೆ ಆಸ್ಪತ್ರೆ ಮದುಮಗಳಾಗಿತ್ತು. ಗೋಡೆಗೆಲ್ಲ ತಿಳಿಹಸಿರು ಬಣ್ಣ. ಕೈ ತೊಳೆಯುವ ವಿಧಾನ ತೋರಿಸುವ ದೊಡ್ಡ ಚಿತ್ರ, ಅದರ ಕೆಳಗೆ ನೀರು ಬಾರದ ನಲ್ಲಿ. ಹಾಸಿಗೆಗಳ ಮೇಲೆ ಬಿಳಿ ಹೊದಿಕೆ, ಅದರ ಮೇಲೆ ಮಲಗಬಾರದೆಂದು ಅಪ್ಪಣೆ. ನೆಲ ಒರೆಸಿದ ಕಡೆ ‘ಜಾರುತ್ತದೆ, ಎಚ್ಚರಿಕೆ’ ಎಂಬ ಹಳದಿ ಫಲಕ ಇಟ್ಟಿದ್ದರು. ಚನ್ನರಾಯಪಟ್ಟಣದ ನಿವೃತ್ತ ಹೆಡ್‌ಮಿಸ್ಟ್ರೆಸ್ ಪ್ರೇಮಕುಮಾರಿ, ಕೈ ಮುರಿದು ಬಂದು ಸೇರಿದ್ದವರು, ಒದ್ದೆ ನೆಲವನ್ನು ಹುಷಾರಾಗಿ ದಾಟಿ ಆ ಫಲಕಕ್ಕೇ ಎಡವಿ ಮುಗ್ಗರಿಸಿದರು.

ಎಲ್ಲಕ್ಕಿಂತ ಘನವಾದದ್ದು ವಾರ್ಡಿನ ಪಕ್ಕದಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ್ದ ಹೊಸ ಶೌಚಾಲಯ. ಹಿಡಿದುಕೊಳ್ಳಲು ಕಂಬಿ, ಜಾರದ ನೆಲ, ಕರೆಗಂಟೆ ಎಲ್ಲ ಇತ್ತು. ಬಾಗಿಲಿಗೆ ಬೀಗವೂ ಇತ್ತು. ರೋಗಿಗಳು ಎಂದಿನಂತೆ ಅಂಗಳ ದಾಟಿ ಕ್ಯಾಂಟೀನಿನ ಹಿಂದಿದ್ದ ಹಳೆಯದಕ್ಕೇ ಹೋಗಬೇಕಾಗಿತ್ತು.

“ಈ ಕುಂಟು ಕಾಲಲ್ಲಿ ನಾನು ಅಷ್ಟ್ ದೂರ ಓಗ್ಬೇಕು, ಬಾಗ್ಲಲ್ಲಿರೋದುಕ್ಕೆ ಬೀಗ! ನೀವು ಪರ್ತಿನಿಧಿ ಅಲ್ವಾ, ಕೇಳಿ ಓಗಿ” ಎಂದರು ಬೆಟ್ಟಮ್ಮ.

ದ್ಯಾವಯ್ಯ ಹೋಗಿ ಕೇಳಿದರು. “ಅದು ಇನ್‌ಸ್ಪೆಕ್ಷನ್ನಿಗೆ ಕಟ್ಟಿಸಿರೋದು ದ್ಯಾವಯ್ಯನೋರೇ. ಪೇಷಂಟುಗಳು ಹೋದ್ರೆ ಗಲೀಜಾಗಲ್ವಾ?” ಎಂದ ರಜನೀಶ್.

“ಆಗ್ಲಿ ಸಾ” ಎಂದು ವಾಪಸ್ಸು ಬಂದರು. ಅವತ್ತು ಬೆಟ್ಟಮ್ಮ ಗಂಡನೊಡನೆ ಮಾತಾಡಲಿಲ್ಲ. ತೊಂದರೆಯೆಂದರೆ ಆಕೆ ಉಳಿದ ಎಲ್ಲರೊಡನೆ ಗಂಡನ ಬಗ್ಗೆ ಮಾತಾಡಿದರು.

ತಂಡ ಬರುವುದಕ್ಕೆ ಮುಂಚಿನ ದಿನ ರಜನೀಶ್ ಸಮಿತಿಯ ಸಭೆ ಕರೆದ. “ಇಷ್ಟೆಲ್ಲಾ ಮಾಡಿದೀವಿ. ಇನ್ನು ಒಂದೇ ಒಂದು ತೊಂದರೆ ಉಳಿದಿದೆ” ಎಂದು ನಿಟ್ಟುಸಿರುಬಿಟ್ಟ. “ಪೇಷಂಟುಗಳು.”

ಅವನು ಬೆರಳು ಮಡಚಿ ಎಣಿಸತೊಡಗಿದ.

“ಹಾಸಿಗೆ ಮುದುಡ್ತಾರೆ. ಕೆಮ್ತಾರೆ. ಯಾರಾದ್ರೂ ಏನಾದ್ರೂ ಕೇಳಿದ್ರೆ ಉತ್ತರ ಹೇಳಿಬಿಡ್ತಾರೆ. ಡಿಸ್ಚಾರ್ಜ್ ಮಾಡೋಣ ಅಂದ್ರೆ ಬೇರೆ ಆಸ್ಪತ್ರೆಗೆ ಹೋಗಿಬಿಡ್ತಾರೆ. ಅದಕ್ಕೇ ಎದ್ದು ಓಡಾಡೋ ಅಷ್ಟೂ ಜನರನ್ನ ನಮ್ಮ ಟ್ರಸ್ಟಿನ ಶಾಲೆ ಬಸ್ಸಲ್ಲಿ ಒಂದು ದಿನ ಹೊರಗೆ ಕಳಿಸ್ತಿದೀವಿ. ಕೊರವಂಗಲ ದೇವಸ್ಥಾನ ತೋರಿಸಿ ಸಂಜೆಗೆ ಕರ್ಕೊಂಡು ಬರೋದು. ಉಸ್ತುವಾರಿ ದ್ಯಾವಯ್ಯನೋರದು.”

ಮೇಘಶ್ರೀ ಎದ್ದು ನಿಂತಳು. “ಸರ್, ಬೆಟ್ಟಮ್ಮನೋರ ಡ್ರೆಸ್ಸಿಂಗು? ಹುಚ್ಚಯ್ಯನೋರಿಗೆ ಉಬ್ಬಸ ಇದೆ...”

“ಸಂಜೆ ಮಾಡಿ. ಒಂದು ದಿನಕ್ಕೆ ಏನೂ ಆಗಲ್ಲ. ಇದೇ ಪೇಷಂಟ್ ಸೇಫ್ಟಿ. ಅವರನ್ನ ಸೇಫಾಗಿ ಬೇರೆ ಕಡೆ ಇಡೋದು.”

ದ್ಯಾವಯ್ಯನ ತಲೆಯಲ್ಲಿ ದೀಪ ಹತ್ತಿದ್ದು ಆಗಲೇ. ಬಂದಾಗಿನಿಂದ ಯಾರೂ ಬಿಡಿಸಿ ಹೇಳದಿದ್ದ ತಮ್ಮ ಕೆಲಸ ಈಗ ಅರ್ಥವಾಯಿತು. ಬೆಂಗಳೂರಿನಿಂದ ಯಾರೋ ಬರುತ್ತಿದ್ದಾರೆ. ಅವರ ಕೈಗೆ ಸಿಗದಂತೆ ರೋಗಿಗಳನ್ನು ಕಾಪಾಡಬೇಕು. ಅದರ ಮೇಲೆ ಬಸ್ಸು ಬೇರೆ! ಅವರು ಎದ್ದು ನಿಂತು ಸಲ್ಯೂಟ್ ಹೊಡೆದರು.

ವಾರ್ಡಿನಲ್ಲಿ ಸುದ್ದಿ ಹೇಳಿದಾಗ ಬೆಟ್ಟಮ್ಮ ಹಾಸಿಗೆಯ ಕಂಬಿ ಹಿಡಿದುಕೊಂಡರು. “ಹುಣ್ಣಿರೋದು ನನ್ ಕಾಲಲ್ಲಿ. ರಜಾ ಕೇಳ್ದೋರ್ ಯಾರು?”

“ಸೇಫ್ಟಿ ಕಣಮ್ಮಿ. ಕಾಪಾಡಕೇಂತ ಕರ್ಕಂಡೋಗ್ತಿರದು.”

“ಯಾರಿಂದ?”

ದ್ಯಾವಯ್ಯ ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಬೆಂಗ್ಳೂರ್ನೋರಿಂದ.”

ಪಕ್ಕದ ಹಾಸಿಗೆಯಲ್ಲಿ ಹೊಳೆನರಸೀಪುರದ ಕಡೆಯ ಹುಚ್ಚಯ್ಯನೆಂಬ ಮುದುಕ ಮಲಗಿದ್ದ. ಉಬ್ಬಸದವನು, ಉಸಿರಿಗಿಂತ ಕಿವಿ ಚುರುಕು. “ಬೆಂಗ್ಳೂರ್ನೋರು ಪೇಷಂಟ್‌ಗಳನ್ನ ಏನ್ ಮಾಡ್ತಾರಲಾ ದ್ಯಾವಾ?” ಎಂದು ಕೇಳಿದ. ದ್ಯಾವಯ್ಯನಿಗೆ ಗೊತ್ತಿರಲಿಲ್ಲ. ಆದರೆ ಪ್ರತಿನಿಧಿಯಾದವನು ಗೊತ್ತಿಲ್ಲ ಎನ್ನುವ ಹಾಗಿಲ್ಲವಲ್ಲ. “ಅದುನ್ನೆಲ್ಲಾ ಬಾಯ್ಬುಟ್ ಯೋಳ್ಬಾರ್ದು ಕಣಣ್ಣ” ಎಂದುಬಿಟ್ಟರು.

ಹುಚ್ಚಯ್ಯ ಎರಡು ನಿಮಿಷ ಯೋಚಿಸಿದ. ನಂತರ ಎರಡೂ ಕೈಗಳಿಂದ ಸೊಂಟದ ಪಕ್ಕೆಗಳನ್ನು ಮುಚ್ಚಿಕೊಂಡು, “ಕಿಡ್ನಿ!” ಎಂದ.

ಆ ಒಂದು ಶಬ್ದ ಮಾಡಿದ ಕೆಲಸವನ್ನು ಯಾವ ಸುತ್ತೋಲೆಯೂ ಮಾಡಲಾರದು. ಬೆಳಿಗ್ಗೆ ಬಸ್ಸು ಬರುವ ಮುಂಚೆಯೇ ರೋಗಿಗಳೆಲ್ಲ ಗೇಟಿನ ಬಳಿ ಸಾಲು ನಿಂತಿದ್ದರು. ಪ್ರೇಮಕುಮಾರಿ ಮೇಡಂ “ಇದೆಲ್ಲ ಮೂಢತನ, ನಾನು ಬರೋದು ವಾಸ್ತುಶಿಲ್ಪ ನೋಡೋಕೆ” ಎಂದು ಹೇಳುತ್ತಲೇ ಎಲ್ಲರಿಗಿಂತ ಮೊದಲು ಹತ್ತಿದರು. ಬೆಟ್ಟಮ್ಮ ಊರುಗೋಲು ಊರಿಕೊಂಡು ಕೊನೆಯವರಾಗಿ, “ನಿಮ್ಮೊಬ್ರುನ್ನೇ ಕಳ್ಸುದ್ರೆ ಇವ್ರುನ್ನೆಲ್ಲಾ ಯಾವ್ದಾದ್ರೂ ಸ್ಟಾಪಲ್ಲಿ ಇಳ್ಸಿ ಬಂದ್ಬುಡ್ತೀರಿ” ಎಂದು ಗೊಣಗುತ್ತ ಹತ್ತಿದರು. ದ್ಯಾವಯ್ಯ ಬಾಗಿಲಲ್ಲಿ ನಿಂತು, “ರೈಟ್, ರೈಟ್!” ಎಂದು ಬಸ್ಸಿನ ಮೈ ತಟ್ಟಿದಾಗ ಅವರಷ್ಟು ಸುಖಿ ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ.

ಕೊರವಂಗಲದ ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ರೋಗಿಗಳು ಸಾಲಾಗಿ ಕೂತರು. ತಿಳಿನೀಲಿ ಬಟ್ಟೆ, ಕೈಗೆ ಪಟ್ಟಿ, ತಲೆಗೆ ಪಟ್ಟಿ. ಒಬ್ಬಾತನ ಕೈಯಲ್ಲಿ ಸೂಜಿ ಹಾಗೇ ಇತ್ತು. ಊರಿನವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು.

“ಏನಾಯ್ತ್ರಪ್ಪಾ ನಿಮ್ಗೆಲ್ಲಾ? ಬಸ್ ಉಲ್ಟಾ ಆಯ್ತಾ?” ಎಂದು ಒಬ್ಬ ಮುದುಕಿ ಕೇಳಿದಳು.

“ಇಲ್ಲ ಕಣವ್ವಾ, ಆಸ್ಪತ್ರೆಯಿಂದ ತಪ್ಪುಸ್ಕಂಡ್ ಬಂದಿದ್ದೀವಿ” ಎಂದ ಹುಚ್ಚಯ್ಯ. “ಬೆಂಗ್ಳೂರಿಂದ ಕಿಡ್ನಿ ತಗಳೋರು ಬಂದವ್ರೆ.”

ಗುಂಪಿನಲ್ಲಿ ಹಾಹಾಕಾರ ಎದ್ದಿತು. ಮುದುಕಿ ಮಜ್ಜಿಗೆ ತರಲು ಓಡಿದಳು. ಟ್ರ್ಯಾಕ್ಟರಿನವನೊಬ್ಬ ಮೊಬೈಲು ತೆಗೆದು ಯಾರಿಗೋ, “ಲೇ, ಇದ್ದಂಗೇ ಬಾರ್ಲಾ, ಹುಡುಗ್ರುನ್ನೂ ಕರ್ಕಂಬಾ” ಎಂದ. ಪ್ರೇಮಕುಮಾರಿ ಮೇಡಂ ಕಂಬದ ಕೆತ್ತನೆಯನ್ನು ವಿವರಿಸಲು ಶುರುಮಾಡಿದ್ದರು, ಯಾರೂ ಕೇಳಲಿಲ್ಲ.

ಬಿಸಿಲು ಏರಿತು. ಬೆಟ್ಟಮ್ಮನ ಕಾಲಿನ ಪಟ್ಟಿ ಒದ್ದೆಯಾಗಿ, ಅದರ ಮೇಲೆ ನೊಣ ಕೂತವು. ಆಕೆ ಏನೂ ಹೇಳದೆ ಸೆರಗಿನಿಂದ ಓಡಿಸುತ್ತಿದ್ದರು. ಹೆಂಡತಿ ಬೈದರೆ ದ್ಯಾವಯ್ಯ ಸಹಿಸಬಲ್ಲರು. ಸುಮ್ಮನಿದ್ದರೆ ಆಗುತ್ತಿರಲಿಲ್ಲ. ಅವರು ಪಕ್ಕಕ್ಕೆ ಹೋಗಿ ರಜನೀಶನಿಗೆ ಫೋನು ಮಾಡಿದರು.

“ಸಾ, ನಮ್ ಮನೆಯೋರ್ ಕಾಲಿಂದ ನೀರ್ ಸೋರ್ತೈತೆ. ಡ್ರೆಸ್ಸಿಂಗ್ ಮಾಡ್ಸಿಬುಟ್ಟು...”

“ದ್ಯಾವಯ್ಯನೋರೇ, ಅವರು ಬಂದು ಕೂತಿದಾರೆ! ಸಂಜೆ ತನಕ ಇತ್ತ ಕಡೆ ತಲೆ ಹಾಕಬೇಡಿ. ಆಯ್ತಾ?”

“ಆಗ್ಲಿ ಸಾ” ಎಂದುಬಿಟ್ಟರು.

ಫೋನು ಜೇಬಿಗಿಟ್ಟು ತಿರುಗಿದರೆ ಹುಚ್ಚಯ್ಯ ಮುಂದಕ್ಕೆ ಬಾಗಿ ಕೂತಿದ್ದ. ಬಾಯಿ ತೆರೆದಿತ್ತು, ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ತುಟಿ ಬಣ್ಣ ಕಳೆದುಕೊಂಡಿತ್ತು.

“ನಿನ್ ಪಂಪೆಲ್ಲಣ್ಣ? ಬಾಯಿಗ್ ಇಡ್ಕತೀಯಲ್ಲ, ಅದು?”

ಹುಚ್ಚಯ್ಯ ಆಸ್ಪತ್ರೆಯ ದಿಕ್ಕಿಗೆ ಕೈ ತೋರಿಸಿದ. ನೋಡಲು ಚೊಕ್ಕಟವಾಗಿರಲಿ ಎಂದು ಹಾಸಿಗೆಯ ಪಕ್ಕದ ಪೆಟ್ಟಿಗೆಗಳನ್ನೆಲ್ಲ ಖಾಲಿ ಮಾಡಿ ಸಾಮಾನನ್ನು ಸ್ಟೋರಿಗೆ ಹಾಕಿದ್ದರು.

“ಯಾವ್ದ್ರೀ ಇಲ್ಗೆ ಅತ್ರದ್ ಆಸ್ಪತ್ರೆ?” ಎಂದು ದ್ಯಾವಯ್ಯ ಬಸ್ಸಿನ ಡ್ರೈವರನ್ನು ಕೂಗಿ ಕೇಳಿದರು.

ಡ್ರೈವರು ಅವರನ್ನೇ ನೋಡಿದ. “ನಮ್ದೇ ಕಣಣ್ಣ.”

ದ್ಯಾವಯ್ಯ ಬಸ್ಸನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಬೆಟ್ಟಮ್ಮ ಕುಂಟುತ್ತ ಎದ್ದು ಹುಚ್ಚಯ್ಯನ ತೋಳಿಗೆ ಭುಜ ಕೊಟ್ಟಾಗಿತ್ತು. “ಏನ್ ನೋಡ್ತಾ ನಿಂತಿದ್ದೀರಿ? ಆ ಟೈ ಕಟ್ದೋನು ಬರ್ಬ್ಯಾಡಿ ಅಂದ್ನಾ? ಅವ್ನ್ ಮಾತ್ಗೆ ಈ ಅಣ್ಣ ಉಸ್ರು ಬುಡ್ಬೇಕಾ?”

“ಕಿಡ್ನಿಯೋರು ಅವ್ರಲ್ಲಮ್ಮಿ ಅಲ್ಲಿ!”

“ಬರ್ಲಿ ಬುಡಿ. ನನ್ ಕಿಡ್ನಿಗ್ ಕೈ ಆಕುದ್ರೆ ಅವ್ನ್ ಕೈಲೇ ಬುಟ್ ಓಗ್ಬೇಕು.”

ದ್ಯಾವಯ್ಯನಿಗೆ ಎಲ್ಲಿಂದಲೋ ಶಕ್ತಿ ಬಂತು. ನಡುರಸ್ತೆಯಲ್ಲಿ ಇಳಿಸು ಎಂದು ಎಂಥೆಂಥವರೋ ಗದರಿದಾಗಲೂ ಅವರು ಒಬ್ಬ ಪ್ರಯಾಣಿಕನನ್ನೂ ನಡುದಾರಿಯಲ್ಲಿ ಇಳಿಸಿದವರಲ್ಲ. “ಅತ್ತಿ ಎಲ್ರೂ! ಮುಂದಕ್ ಓಗಿ! ಅಣ್ಣುಂಗೆ ಕಿಟ್ಕಿ ಪಕ್ಕ ಜಾಗ ಬುಡಿ! ರೈಟ್, ರೈಟ್!” ಬಸ್ಸು ಹೊರಟಿತು. ಹಿಂದೆಯೇ, ಕೇಳದಿದ್ದರೂ, ಊರಿನವರ ಟ್ರ್ಯಾಕ್ಟರು ಹೊರಟಿತು.

ಆಸ್ಪತ್ರೆಯ ಗೇಟು ಮುಚ್ಚಿತ್ತು. ಕಾವಲುಗಾರ ಧರ್ಮೇಂದ್ರ ಹೊಸ ಟೋಪಿ ಹಾಕಿಕೊಂಡು ಅಡ್ಡ ನಿಂತ. “ಪೇಷಂಟ್‌ಗಳನ್ನ ಒಳ್ಗಡೆ ಬುಡಂಗಿಲ್ಲಣ್ಣ. ಇವತ್ತು ಆಸ್ಪತ್ರೆ ಇನ್‌ಸ್ಪೆಕ್ಷನ್.”

“ಪೇಷಂಟ್‌ಗಳನ್ನ ಬುಡ್ದಿದ್ಮೇಲೆ ಅದ್ಯಾವ್ ಆಸ್ಪತ್ರೆ ಕಣ್ಲಾ? ತಗಿ!” ಎಂದರು ದ್ಯಾವಯ್ಯ. ಅಷ್ಟು ಎತ್ತರದ ದನಿ ತಮ್ಮಲ್ಲಿದೆಯೆಂದು ಅವರಿಗೇ ತಿಳಿದಿರಲಿಲ್ಲ. ಧರ್ಮೇಂದ್ರ ಹಿಂದಿನ ಟ್ರ್ಯಾಕ್ಟರನ್ನೂ, ಅದರ ತುಂಬ ತೋಳು ಮಡಚಿ ನಿಂತವರನ್ನೂ ನೋಡಿ, ತನ್ನ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಗೇಟು ತೆರೆದ.

ಒಳಗೆ ವಾರ್ಡಿನಲ್ಲಿ ಮೌಲ್ಯಮಾಪಕ ಡಾಕ್ಟರ್ ಕೀರ್ತಿರಾಜ್ ತಮ್ಮ ಜೊತೆಯವರೊಂದಿಗೆ ಮೆಚ್ಚುಗೆಯಿಂದ ನಡೆದಾಡುತ್ತಿದ್ದರು. ಮೆಚ್ಚದೆ ಇರುವುದು ಹೇಗೆ? ಪ್ರತಿ ಹಾಸಿಗೆಯಲ್ಲೂ ತಲೆ ಬಾಚಿಕೊಂಡ, ಮುಗುಳ್ನಗುವ, ಕೆಂಪುಕೆಂಪಾದ ರೋಗಿಗಳು! ಕೇಳಿದ ಪ್ರಶ್ನೆಗೆಲ್ಲ “ತುಂಬಾ ಚೆನ್ನಾಗಿ ನೋಡ್ಕೊಳ್ತಾರೆ ಸರ್” ಎಂಬ ಒಂದೇ ಉತ್ತರ. ಖಾಲಿ ಹಾಸಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ರಜನೀಶ್ ಬೆಳಿಗ್ಗೆಯೇ ಆಸ್ಪತ್ರೆ ನಡೆಸುವ ಟ್ರಸ್ಟಿನ ಗುಮಾಸ್ತರನ್ನೂ, ಶಾಲೆಯ ಡ್ರಿಲ್ ಮೇಷ್ಟರನ್ನೂ, ಕ್ಯಾಂಟೀನ್ ಗುತ್ತಿಗೆದಾರ ಕಾಂತರಾಜುವನ್ನೂ ಕರೆದು ಮಲಗಿಸಿದ್ದ.

“ದಾರಿ ಬುಡಿ, ದಾರಿ ಬುಡಿ!” ಎಂದು ದ್ಯಾವಯ್ಯ ನುಗ್ಗಿದರು. ಹಿಂದೆ ಹುಚ್ಚಯ್ಯನನ್ನು ಎತ್ತಿಕೊಂಡ ಡ್ರೈವರು, ಅವರ ಹಿಂದೆ ಸಾಲಾಗಿ ರೋಗಿಗಳು.

ಮೇಘಶ್ರೀ ಯಾರ ಅಪ್ಪಣೆಗೂ ಕಾಯಲಿಲ್ಲ. ಹೂಗುಚ್ಛದ ತಟ್ಟೆ ಕೆಳಗಿಟ್ಟು ಓಡಿಬಂದು, ಹುಚ್ಚಯ್ಯನನ್ನು ಕೂರಿಸಿ, ಔಷಧಿಯ ಆವಿ ಕೊಡುವ ಯಂತ್ರ ಹಚ್ಚಿ ಮೂಗಿನ ಮೇಲೆ ಮಾಸ್ಕ್ ಇಟ್ಟಳು. ಬಿಳಿ ಆವಿ ಎದ್ದಿತು. ವಾರ್ಡೆಲ್ಲ ಉಸಿರು ಬಿಗಿಹಿಡಿದು ಅವನ ಉಸಿರಿಗೆ ಕಾದಿತು.

ಬೆಟ್ಟಮ್ಮ ತಮ್ಮ ಹಾಸಿಗೆಯ ಬಳಿ ಹೋದರು. ಅಲ್ಲಿ ಮೀಸೆಯ ಕಾಂತರಾಜು ಕಾಲಿಗೆ ದಪ್ಪ ಪಟ್ಟಿ ಸುತ್ತಿಕೊಂಡು ಮೂಸಂಬಿ ಸುಲಿಯುತ್ತಿದ್ದ.

“ಏಳ್ಲಾ ನನ್ ಆಸ್ಗೆಯಿಂದ!”

“ಸುಮ್ನಿರವ್ವಾ, ನಾನು ಪೇಷಂಟು. ಕಾಲು ಹುಣ್ಣಾಗೈತೆ” ಎಂದು ಕಾಂತರಾಜು ಪಿಸುಗುಟ್ಟಿದ.

“ಕಾಲ್ಗೆ ಹುಣ್ಣಾಗಿರೋಳು ನಾನು. ನಿಂಗೆ ಕೊಬ್ಬಾಗಿರೋದು” ಎಂದು ಬೆಟ್ಟಮ್ಮ ಊರುಗೋಲು ಎತ್ತಿದರು. ಎದ್ದು ನಡೆಯಲಾರದ ರೋಗಿಯೊಬ್ಬ ಎರಡು ಹಾಸಿಗೆಗಳ ಮೇಲಿಂದ ಹಾರಿ ಬಾಗಿಲು ಸೇರಿದ ದೃಶ್ಯವನ್ನು ಡಾಕ್ಟರ್ ಕೀರ್ತಿರಾಜ್ ತಮ್ಮ ವೃತ್ತಿಜೀವನದಲ್ಲಿ ಅದೇ ಮೊದಲು ನೋಡಿದರು. ಅದನ್ನು ಕಂಡು ಡ್ರಿಲ್ ಮೇಷ್ಟರೂ ಗುಮಾಸ್ತರೂ ಒಟ್ಟಿಗೆ ಗುಣಮುಖರಾದರು.

“ಏನ್ರೀ ಇದು?” ಎಂದು ಕೀರ್ತಿರಾಜ್ ಕೇಳಿದರು.

ರಜನೀಶನ ಮುಖದಲ್ಲಿ ಬೆವರಿಳಿಯುತ್ತಿತ್ತು. ಆದರೆ ಅವನು ಸಾಮಾನ್ಯನಲ್ಲ. “ಮಾಕ್ ಡ್ರಿಲ್ ಸರ್!” ಎಂದ. “ತುರ್ತು ಪರಿಸ್ಥಿತಿ ಬಂದ್ರೆ ನಮ್ಮ ಸಿಬ್ಬಂದಿ ಹೇಗೆ ಎದುರಿಸ್ತಾರೆ ಅಂತ ನಿಮಗೆ ತೋರಿಸೋಕೆ ಅಣಕು ಪ್ರದರ್ಶನ. ಇವರೆಲ್ಲ ಪಾತ್ರಧಾರಿಗಳು. ಈ ದ್ಯಾವಯ್ಯನೋರೇ ನಿರ್ದೇಶಕರು.”

ಕೀರ್ತಿರಾಜ್ ಹುಚ್ಚಯ್ಯನನ್ನು ನೋಡಿದರು. “ತುಂಬ ಸಹಜವಾಗಿದೆ” ಎಂದರು. ಜೊತೆಯಲ್ಲಿದ್ದವರೂ ತಲೆದೂಗಿದರು. ಪವಾಡವೇ ಸಂಭವಿಸುವುದರಲ್ಲಿತ್ತು. ರಜನೀಶ್ ದ್ಯಾವಯ್ಯನ ಭುಜದ ಮೇಲೆ ಕೈಯಿಟ್ಟು, ಕಣ್ಣಲ್ಲೇ ಬೇಡಿಕೊಳ್ಳುತ್ತ, “ಹೌದು ತಾನೇ ದ್ಯಾವಯ್ಯನೋರೇ? ಅಣಕು ತಾನೇ?” ಎಂದ.

ಇಡೀ ವಾರ್ಡು ದ್ಯಾವಯ್ಯನ ಕಡೆ ತಿರುಗಿತು. ಅವರ ಬಾಯಿ ಅಭ್ಯಾಸಬಲದಿಂದ “ಆಗ್...” ಎಂದು ತೆರೆದುಕೊಂಡಿತು. ಬೆಟ್ಟಮ್ಮ ತಮ್ಮ ಹಾಸಿಗೆಯ ಮೇಲೆ ಕೂತು ಒದ್ದೆ ಪಟ್ಟಿಯ ಕಾಲನ್ನು ಬಿಳಿ ಹೊದಿಕೆಯ ಮೇಲೆ ಎತ್ತಿಟ್ಟಿದ್ದರು.

“ಆಗಲ್ಲ ಸಾ” ಎಂದರು ದ್ಯಾವಯ್ಯ.

“ಏನು ಆಗಲ್ಲ?”

“ಸುಳ್ ಯೋಳಕ್ಕಾಗಲ್ಲ. ಆ ಅಣ್ಣುಂಗೆ ಉಸ್ರು ಸಿಕ್ತಿರ್ಲಿಲ್ಲ ಸಾ, ಇದ್ಯಾವ್ ಅಣಕೂ ಅಲ್ಲ. ಪಂಪುನ್ನ ಸ್ಟೋರ್‌ಗಾಕಿ ಬೀಗ ಹಾಕವ್ರೆ. ನಮ್ಮುನ್ನ ಬೆಳಿಗ್ಗೆಯಿಂದ ಬಿಸ್ಲಲ್ ಕೂರ್ಸವ್ರೆ.” ಅವರು ಕೀರ್ತಿರಾಜ್ ಕಡೆ ತಿರುಗಿ ಎದೆ ಮುಂದೆ ಮಾಡಿದರು. “ನೀವ್ ಬೇಕಾದ್ರೆ ನನ್ ಕಿಡ್ನಿ ತಕ್ಕಳಿ ಸಾ. ಇವ್ರ್ ಯಾರ್ ತಂಟೆಗೂ ಬರ್ಬ್ಯಾಡಿ.”

“ಕಿಡ್ನಿನಾ? ನಾನ್ಯಾಕೆ ನಿಮ್ಮ ಕಿಡ್ನಿ ತಗೊಳ್ಳಲಿ? ನಾನು ಬಂದಿರೋದು ರೋಗಿಗಳು ಇಲ್ಲಿ ಸುರಕ್ಷಿತವಾಗಿದಾರಾ ಅಂತ ನೋಡೋಕೆ.”

ದ್ಯಾವಯ್ಯ ಕಕ್ಕಾಬಿಕ್ಕಿಯಾದರು. “ಮತ್ತೆ ಪೇಷಂಟ್ ಸೇಫ್ಟಿ ಅಂದ್ರೆ ನಿಮ್ ಕಡೆಯೋರಿಂದ ಪೇಷಂಟ್‌ಗಳನ್ನ ಕಾಪಾಡದು ಅಂತ ಮ್ಯಾನೇಜರ್ ಸಾ ಅಂದಿದ್ರಲ್ಲ?”

ಕೀರ್ತಿರಾಜ್ ನಿಧಾನವಾಗಿ ರಜನೀಶನ ಕಡೆ ನೋಡಿದರು. ರಜನೀಶ್ ನೆಲ ನೋಡಿದ. ಮಾಸ್ಕಿನೊಳಗಿಂದ ಹುಚ್ಚಯ್ಯನ ದನಿ ಬಂತು, ಸಣ್ಣದಾಗಿ, ಆದರೆ ಬಂತು. “ಅಂಗಾದ್ರೆ ನಮ್ಗೆ ಬೆಂಗ್ಳೂರ್ನೋರಿಂದ ತೊಂದ್ರೆ ಇರ್ಲಿಲ್ಲ ಅನ್ನಿ.”

 ಮೇಘಶ್ರೀ ಅವನ ಬೆನ್ನು ಸವರಿ, ಕೈ ತೊಳೆದು ಬಂದು, ಬೆಟ್ಟಮ್ಮನ ಪಟ್ಟಿ ಬಿಚ್ಚತೊಡಗಿದಳು. ಕೀರ್ತಿರಾಜ್ ಪಕ್ಕದಲ್ಲಿ ನಿಂತು ಗಾಯ ನೋಡಿದರು.  ಹೊರಗೆ ಹೋಗುವಾಗ ಶೌಚಾಲಯದ ಬೀಗ ಮುಟ್ಟಿ, “ಇದರ ಕೀ ಯಾರ ಹತ್ರ ಇದೆ?” ಎಂದರು.

ರಜನೀಶ್ ಜೇಬಿಗೆ ಕೈ ಹಾಕಿದ. ಬಾಗಿಲು ತೆರೆದದ್ದೇ ತಡ, ಬೆಳಿಗ್ಗೆಯಿಂದ ಕೊರವಂಗಲದ ಮಜ್ಜಿಗೆ ಕುಡಿದಿದ್ದ ರೋಗಿಗಳೆಲ್ಲ ಒಟ್ಟಿಗೆ ಎದ್ದರು. “ನೂಕ್‌ಬ್ಯಾಡಿ, ಒಬ್ಬೊಬ್ರೇ, ಮೊದ್ಲು ಮೇಡಂ ಓಗ್ಲಿ” ಎಂದು ಸಾಲು ಮಾಡಿಸುವ ಭಾರ ದ್ಯಾವಯ್ಯನ ಮೇಲೆ ಬಿತ್ತು. ಟ್ರ್ಯಾಕ್ಟರಿನವರು ಕಿಡ್ನಿಗೆ ಅಪಾಯವಿಲ್ಲವೆಂದು ಖಾತ್ರಿಯಾದ ಮೇಲೂ ತಕ್ಷಣ ಹೋಗಲಿಲ್ಲ. ಬಂದದ್ದಕ್ಕೆ ಬಿ.ಪಿ. ನೋಡಿಸಿಕೊಂಡು ಹೋದರು.

ಆಸ್ಪತ್ರೆಗೆ ಒಂದು ನಕ್ಷತ್ರವೂ ಬರಲಿಲ್ಲ. ಮೂಲಾ ಕೂಡ ಬರಲಿಲ್ಲವೆಂದು ಮಲ್ಲಿಪಟ್ಟಣದಲ್ಲಿ ತಿಮ್ಮಪ್ಪ ಸಮಾಧಾನಪಟ್ಟ. ತಪ್ಪುಗಳನ್ನು ಸರಿಪಡಿಸಿ ಮತ್ತೆ ಕರೆಯಿರಿ ಎಂದು ಕೀರ್ತಿರಾಜ್ ಟ್ರಸ್ಟಿನವರಿಗೆ ಹೇಳಿ ಹೋಗಿದ್ದರು. ರಜನೀಶ್ ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ. ಮೂರನೆಯ ದಿನ ದ್ಯಾವಯ್ಯನನ್ನು ಕರೆದು, “ನಿಮ್ಮನ್ನ ಪ್ರತಿನಿಧಿ ಸ್ಥಾನದಿಂದ ತೆಗೆದಿದೀವಿ” ಎಂದ.

“ಅದೆಂಗಾಯ್ತದೆ ಸಾ? ನಾನ್ ಇರದು ಪೇಷಂಟ್‌ಗಳ ಕಡೆ. ಅವ್ರು ತಗೀಲಿ” ಎಂದರು ದ್ಯಾವಯ್ಯ.

ರಜನೀಶ್ ಅದೇ ಹುಮ್ಮಸ್ಸಿನಲ್ಲಿ ವಾರ್ಡಿಗೆ ಹೋಗಿ, “ಇವರು ಬೇಡ ಅನ್ನೋರು ಕೈ ಎತ್ತಿ” ಎಂದ. ಒಂದು ಕೈಯೂ ಏಳಲಿಲ್ಲ. ಪ್ರೇಮಕುಮಾರಿ ಮೇಡಂ ಮಾತ್ರ, “ನನ್ನ ಕೈ ಮುರಿದಿದೆ, ಇಲ್ಲದಿದ್ರೂ ಎತ್ತುತ್ತಿರಲಿಲ್ಲ” ಎಂದು ಸ್ಪಷ್ಟಪಡಿಸಿದರು.

ಅಂದಿನಿಂದ ದ್ಯಾವಯ್ಯ ದಿನಾ ಬೆಳಿಗ್ಗೆ ಒಂದು ಸುತ್ತು ಹೋಗುತ್ತಿದ್ದರು. ಡಾಕ್ಟರು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಬರುವಾಗ ನಡುವೆ ನಿಂತು, “ಕೈ ಸಾ” ಎನ್ನುತ್ತಿದ್ದರು. ದೊಡ್ಡ ಡಾಕ್ಟರೊಬ್ಬರು ಸಿಟ್ಟಾಗಿ, “ನೀನ್ಯಾರಯ್ಯಾ ನನಗೆ ಹೇಳೋಕೆ?” ಎಂದು ರೇಗಿದರು. “ಯಾರೂ ಅಲ್ಲ ಸಾ. ತೊಳ್ಕಳಿ” ಎಂದು ದ್ಯಾವಯ್ಯ ಜಾಗ ಬಿಟ್ಟು ಕದಲಲಿಲ್ಲ. ಡಾಕ್ಟರು ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ. ಆಗ ಅವರ ಸಿಟ್ಟೆಲ್ಲ ರಜನೀಶನ ಕಡೆ ತಿರುಗಿತು, ಸಂಜೆಯೊಳಗೆ ನೀರು ಬಂತು.

ಟ್ರಸ್ಟಿನವರು ರಜನೀಶನನ್ನೇ ಸರಿಮಾಡುವ ಕೆಲಸಕ್ಕೆ ಹಚ್ಚಿದ್ದರು. ಬೀಗಗಳು ಹೋದವು, ಹುಚ್ಚಯ್ಯನ ಪಂಪು ಅವನ ತಲೆದಿಂಬಿನ ಬಳಿ ಬಂತು. ಇನ್ನೊಬ್ಬ ನರ್ಸನ್ನು ಕೊಡುವವರೆಗೂ ಮೇಘಶ್ರೀ ದಿನಾ ಹೋಗಿ ಕೇಳಿದಳು, ದ್ಯಾವಯ್ಯ ದಿನಾ ಅವಳ ಹಿಂದೆ ಹೋಗಿ ನಿಂತರು. ರಜನೀಶ್ ಎಷ್ಟು ಕಲಿತನೆಂದರೆ ಕೊನೆಕೊನೆಗೆ ಅವನ ನಿಯಮಗಳನ್ನು ತಡೆದುಕೊಳ್ಳುವುದೇ ಕಷ್ಟವಾಯಿತು.

ಬೆಟ್ಟಮ್ಮನ ಗಾಯ ಮುಚ್ಚಿತು. ಕಾಲು ಉಳಿಯಿತು. ಮನೆಗೆ ಹೊರಟ ದಿನ ರಜನೀಶ್ ತಾನೇ ಗಾಲಿಕುರ್ಚಿ ತಳ್ಳಿಕೊಂಡು ಬಂದ.

“ಕೂತ್ಕೊಳಿ ಅಮ್ಮಾ. ಡಿಸ್ಚಾರ್ಜ್ ಆದೋರನ್ನ ಗೇಟಿನ ತನಕ ಇದರಲ್ಲೇ ಬಿಡ್ಬೇಕು. ನಿಯಮ.”

“ಈ ಕಾಲ್ ಉಳ್ಸಕೇಂತ ಅಲ್ವಾ ಇಷ್ಟೆಲ್ಲಾ ಮಾಡಿದ್ದು? ನಡ್ಕಂಡೇ ಓಗ್ತೀನಿ.”

“ಕುರ್ಚಿ ಖಾಲಿ ಹೋಗೋ ಹಂಗಿಲ್ಲಮ್ಮಾ...”

ಬೆಟ್ಟಮ್ಮ ಗಂಡನ ಕಡೆ ನೋಡಿದರು. ಎಲ್ಲರಿಗೂ ಕಾವಲು ನಿಂತು ನಿಂತು ದ್ಯಾವಯ್ಯನ ಮಂಡಿ ಊದಿತ್ತು. “ನೀವ್ ಕೂತ್ಕಳಿ” ಎಂದರು. ದ್ಯಾವಯ್ಯ ಅತ್ತಿತ್ತ ನೋಡಿ, ಬೇಡವೆಂದು ಬಾಯಿ ತೆರೆದು, ಕೂತರು. ಜೀವಮಾನದಲ್ಲಿ ಮೊದಲ ಸಲ ಕೂತು ಪ್ರಯಾಣ ಮಾಡುವುದು ಅವರಿಗೆ ಬಹಳ ಹಿತವಾಗಿತ್ತು. ರಜನೀಶ್ ಏದುಸಿರು ಬಿಡುತ್ತ ತಳ್ಳಿದ.

ಗೇಟಿನಲ್ಲಿ ಧರ್ಮೇಂದ್ರ ಹೊಸ ನಿಯಮದಂತೆ ತಡೆದು ಕೇಳಿದ. “ಪೇಷಂಟ್ ಯಾರಮ್ಮಾ?”

ಬೆಟ್ಟಮ್ಮ ನಡಿಗೆ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. “ಇಂದ್ಗಡೆ ಬತ್ತಾವ್ರೆ ನೋಡು, ಇಬ್ರೂ” ಎಂದು ಅರಕಲಗೂಡಿನ ಬಸ್ಸು ಹಿಡಿಯಲು ಮುಂದೆ ನಡೆದರು.